ಹುತ್ತದ ಅಣಬೆಗೆ ಇನ್ನೂ ಹೆಸರಿಲ್ಲ

ಒಂದು ತಪ್ಪು ನಡೆಯಲಿದೆ. ಅದನ್ನು ಮೊದಲು ಹೇಳಿ, ಆಮೇಲೆ ಎಲ್ಲರಿಗೂ ಕೈಮುಗಿಯುತ್ತೇನೆ. ಹೊಸ ಅಣಬೆಯೊಂದನ್ನು ಕಂಡುಹಿಡಿದಳು ಎಂದು ಈಗಷ್ಟೇ ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣು ಕೊಟ್ಟ ನಮ್ಮ ಕನ್ನಡ ಸಂಘವೇ ಆ ಅಣಬೆ ಹುಟ್ಟುವ ಹುತ್ತವನ್ನು ನಾಳೆ ಬೆಳಿಗ್ಗೆ ಜೆಸಿಬಿ ತರಿಸಿ ಕೆಡವಲಿದೆ. ಕೆಡವಿ, ಮಟ್ಟ ಮಾಡಿ, ಅಲ್ಲಿ ಕಾರು ನಿಲ್ಲಿಸಲು ಕಾಂಕ್ರೀಟ್ ಹಾಸಲಿದೆ. ಇದು ತಪ್ಪು. ಶಾಲು ಹೊದ್ದುಕೊಂಡು ಹೇಳಿದರೂ ತಪ್ಪು, ಹೊದೆಯದೆ ಹೇಳಿದರೂ ತಪ್ಪು.

ಈಗ ನಮಸ್ಕಾರ. ಇಂದಿನ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಜಯತೀರ್ಥ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಸುಭದ್ರಮ್ಮನವರೇ, ಕೂಕಟ್‌ಪಲ್ಲಿಯ ಈ ಸಭಾಂಗಣಕ್ಕೆ ಸಿಕಂದರಾಬಾದಿನಿಂದಲೂ ಶಂಶಾಬಾದಿನಿಂದಲೂ ಟ್ರಾಫಿಕ್ ದಾಟಿ ಬಂದಿರುವ ಸಭಿಕರೇ. ಊಟದ ವಾಸನೆ ಬರುತ್ತಿದೆ ಎಂದು ನನಗೂ ಗೊತ್ತು. ನನ್ನ ನಂತರ ಊಟವೇ. ಆದ್ದರಿಂದ ನೀವೆಲ್ಲ ನನ್ನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೀರಿ.

ನಿರೂಪಕರು ನನ್ನನ್ನು ಯುವ ವಿಜ್ಞಾನಿ ಎಂದು ಪರಿಚಯಿಸಿದರು. ನಾನು ವಿಜ್ಞಾನಿ ಅಲ್ಲ. ಶಂಶಾಬಾದಿನ ಬಸ್ ನಿಲ್ದಾಣದ ಎದುರು ತುಳಸಾಬಾಯಿಯವರ ಜೆರಾಕ್ಸ್ ಅಂಗಡಿ ಇದೆಯಲ್ಲ, ಅಲ್ಲಿ ಕೆಲಸ ಮಾಡುತ್ತೇನೆ. ನನ್ನ ಅಪ್ಪ ಸೂಗಪ್ಪ, ಅವ್ವ ಬಂಡೆಮ್ಮ. ಇಬ್ಬರೂ ಸೇಡಂ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆಮೇಲೆ ಸಂಘವು ಶಂಶಾಬಾದಿನಲ್ಲಿ ಭವನಕ್ಕೆಂದು ನಿವೇಶನ ತೆಗೆದುಕೊಂಡಾಗ ಅಪ್ಪನನ್ನು ಅದರ ಕಾವಲಿಗೆ ಇಟ್ಟಿತು. ಆ ನಿವೇಶನದ ಮೂಲೆಯ ತಗಡಿನ ಮನೆಯಲ್ಲಿ ನಾನು ಬೆಳೆದೆ. ಶಾಲೆ ತೆಲುಗಿನಲ್ಲಿ, ಗೆಳತಿಯರ ಜೊತೆ ಹಿಂದಿ, ಮನೆಯೊಳಗೆ ಕನ್ನಡ. ಕನ್ನಡ ಓದಲು ಬರೆಯಲು ಕಲಿತದ್ದು ಇದೇ ಸಂಘದ ಭಾನುವಾರದ ತರಗತಿಯಲ್ಲಿ. ಕಲಿಸಿದವರು ಯಾರು? ಇದೇ ಜಯತೀರ್ಥ ಸರ್. ರಕ್ಷಣಾ ಇಲಾಖೆಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಮಣ್ಣಿನ ಕಾಲಿನ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು, ಮಹಾಪ್ರಾಣಾಕ್ಷರಗಳನ್ನು ಜೋರಾಗಿ ಉಸಿರು ಬಿಟ್ಟು ತೋರಿಸುತ್ತಿದ್ದರು. ನಮಗೆ ನಗು ಬರುತ್ತಿತ್ತು. ಅವರಿಗೂ ಬರುತ್ತಿತ್ತು. ಹಾಗಾಗಿ ಇಂದು ನಾನು ಅವರನ್ನು ವಿರೋಧಿಸುವ ಕನ್ನಡವೂ ಅವರೇ ಕೊಟ್ಟದ್ದು. ಇದರಲ್ಲಿ ಕೃತಘ್ನತೆ ಇದೆಯೇ? ಇಲ್ಲ. ಪಾಠ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಉಳಿದ ವಿದ್ಯೆಯನ್ನೆಲ್ಲ ನಾನು ಕರಪತ್ರಗಳಿಂದ ಪಡೆದೆ. ಅಂಗಡಿಗೆ ಪ್ರತಿ ಮಾಡಿಸಲು ಬರುವ ಒಂದೊಂದು ಕರಪತ್ರವನ್ನೂ ಓದುತ್ತೇನೆ. ಕಟ್ಟಡ ಕಾರ್ಮಿಕರದು, ಕೆರೆ ಉಳಿಸಿ ಎನ್ನುವವರದು, ಮೂಢನಂಬಿಕೆ ಬಿಡಿ ಎನ್ನುವವರದು, ಮೂಲವ್ಯಾಧಿಗೆ ಒಂದೇ ವಾರದಲ್ಲಿ ಗುಣ ಎನ್ನುವವರದು. ಕೊನೆಯದೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ನಂಬಿದ್ದೇನೆ. ತುಳಸಾಬಾಯಿ ಬೈಯುತ್ತಾರೆ. “ಏ ಶಾಂಭವಿ, ನಿನಗ ಪಗಾರ ಕೊಡೋದು ಜೆರಾಕ್ಸ್ ತೆಗಿಯಾಕೋ, ಓದಾಕೋ? ಗಿರಾಕಿ ನಿಂತಾನ, ನೋಡು.” ನಾನು ಹೇಳುತ್ತೇನೆ, “ಓದದೇ ಹೆಂಗ ಕೊಡ್ಲಿ ಬಾಯಿ, ಒಳಗ ಸುಳ್ಳಿದ್ದರ?” ಅದಕ್ಕೆ ಅವರು, “ಸುಳ್ಳಿರಲಿ, ಉಲ್ಟಾ ಬರದಿದ್ರ ಸಾಕು.”

ಹಾಗೆ ಒಂದು ದಿನ ಬಂದ ಕರಪತ್ರವೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ತಂದವರು ಗೋಪಿನಾಥ ಸರ್, ಸಿಕಂದರಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವರು, ಮೂಲತಃ ಮೈಸೂರಿನವರು. ಕರಪತ್ರದಲ್ಲಿ ಏನಿತ್ತು? ನಮ್ಮಂಥ ಬಿಸಿ ನಾಡುಗಳಲ್ಲಿ ಹುಟ್ಟುವ ಅಣಬೆಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಹೆಸರೇ ಇಲ್ಲ, ಅವು ಹುಟ್ಟುತ್ತವೆ, ಕೊಳೆಯುತ್ತವೆ, ಯಾರೂ ನೋಡುವುದಿಲ್ಲ. ನಿಮ್ಮ ಮನೆಯ ಸುತ್ತ ಅಣಬೆ ಕಂಡರೆ ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಫೋಟೋ ತೆಗೆದು ಕಳಿಸಿ ಎಂದಿತ್ತು. ಯಂತ್ರ ಕಾಗದ ಉಗುಳುತ್ತಿತ್ತು, ನಾನು ನಿಂತು ಓದುತ್ತಿದ್ದೆ. ನೀವೇ ಹೇಳಿ, ಇದಕ್ಕಿಂತ ದೊಡ್ಡ ಅನ್ಯಾಯ ಇದೆಯೇ? ಹುಟ್ಟಿ, ಬದುಕಿ, ತನ್ನ ಕೆಲಸ ಮಾಡಿ, ಹೆಸರಿಲ್ಲದೆ ಹೋಗುವುದು? ಈ ಹೈದರಾಬಾದಿನಲ್ಲಿ ಅದು ಅಣಬೆಗೆ ಮಾತ್ರ ಆಗುತ್ತಿದೆಯೇ? ಸರಿ, ಅದು ಬೇರೆ ಭಾಷಣ. ಅಧ್ಯಕ್ಷರೇ, ಗಂಟೆ ಒತ್ತಬೇಡಿ, ವಿಷಯಕ್ಕೇ ಬರುತ್ತಿದ್ದೇನೆ.

ಕಳೆದ ವರ್ಷ ಮುಂಗಾರಿನ ಮೊದಲ ಜೋರು ಮಳೆ ಆಗಿತ್ತು. ನಮ್ಮ ನಿವೇಶನದ ಹಿಂಬದಿಯಲ್ಲಿ ಬಂಡೆಗಳಿಗೆ ಒರಗಿ ಒಂದು ಹುತ್ತವಿದೆ, ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅದರ ಬುಡದಲ್ಲಿ ಅಣಬೆಗಳು ಎದ್ದಿದ್ದವು. ಬೂದುಬಣ್ಣದ ಕೊಡೆ, ನೆತ್ತಿಯ ಮೇಲೆ ಮೊಳೆಯಂಥ ಮೊನೆ, ಆ ಮೊನೆ ಮಾತ್ರ ಕಡುನೀಲಿ. ಶಾಯಿ ಪೆನ್ನಿನ ಮುಚ್ಚಳ ತೆಗೆದು ತಲೆಕೆಳಗಾಗಿ ನೆಟ್ಟಂತೆ. ಹತ್ತಿರ ಹೋದರೆ ಹುರಿದ ಅಗಸೆ ಬೀಜದ ವಾಸನೆ. ಫೋಟೋ ಕಳಿಸಿದೆ. ಗೋಪಿನಾಥ ಸರ್ ತರಗತಿಯ ನಡುವೆಯೇ ಫೋನ್ ಮಾಡಿದರು. “ಎಲ್ಲಮ್ಮ ಇದು? ಮುಟ್ಟಬೇಡ. ಅಲ್ಲ ಅಲ್ಲ, ಮುಟ್ಟು. ಎರಡು ಮೂರು ಮಾತ್ರ ಬುಡಸಮೇತ ಎತ್ತು, ಉಳಿದದ್ದು ಹಾಗೇ ಬಿಡು.”

ಒಂದರ ಅರ್ಧ ಭಾಗವನ್ನು ಅವರಿಗೆ ಅಂದೇ ತಲುಪಿಸಿದೆ. ಇನ್ನೊಂದರ ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲು ಇಟ್ಟು ಬಟ್ಟಲು ಮುಚ್ಚಿದೆ. ಮರುದಿನ ತೆಗೆದರೆ ಕಾಗದದ ಮೇಲೆ ತಿಳಿ ಗುಲಾಬಿ ಪುಡಿಯ ಚಕ್ರ! ಅಣಬೆ ತನ್ನ ಬೀಜಕಣಗಳಿಂದ ತಾನೇ ಬರೆದುಕೊಂಡ ಚಿತ್ರ. ಇಷ್ಟು ವರ್ಷ ಜೆರಾಕ್ಸ್ ತೆಗೆದಿದ್ದೇನೆ, ಅಂಥ ಪ್ರತಿಯನ್ನು ನಾನು ನೋಡಿಯೇ ಇಲ್ಲ.

ಉಳಿದದ್ದನ್ನು ಒಣಗಿಸಬೇಕಿತ್ತು. ಬಿಸಿಲಲ್ಲಿ ಒಣಗಿಸಿದರೆ ಸುಟ್ಟು ಮುರುಟುತ್ತದೆ, ಹದವಾದ ಬಿಸಿಗಾಳಿ ಬೇಕು ಎಂದು ಕರಪತ್ರದಲ್ಲಿ ಇತ್ತು. ಹದವಾದ ಬಿಸಿಗಾಳಿ ಎಲ್ಲಿ ಸಿಗುತ್ತದೆ? ಜೆರಾಕ್ಸ್ ಯಂತ್ರದ ಬೆನ್ನಿನಲ್ಲಿ. ಅಲ್ಲಿಟ್ಟೆ. ತುಳಸಾಬಾಯಿ ಮೂಗು ಮುಚ್ಚಿಕೊಂಡು ಇಡೀ ಅಂಗಡಿ ಹುಡುಕಿದರು. “ಏನೋ ಸತ್ತೈತಿ ಇಲ್ಲಿ.” “ಸತ್ತಿಲ್ಲ ಬಾಯಿ, ಒಣಗಾಕತ್ತೈತಿ.” “ಒಣಗಾಕ ಇದೇನ್ ನಿಮ್ಮ ಮನಿ ಮಾಳಿಗಿ ಏನಬೇ?” ಆದರೂ ತೆಗೆ ಎನ್ನಲಿಲ್ಲ. ಅವರಿಗೂ ಈ ವೇದಿಕೆಯಿಂದ ಕೃತಜ್ಞತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸರ್ ಅವರಿಂದ ಸುದ್ದಿ ಬಂತು. ಬೀಜಕಣ ನೋಡಿ ಆಗಿದೆ, ಡಿಎನ್ಎ ಓದಿಸಿ ಆಗಿದೆ, ಜಗತ್ತಿನಲ್ಲಿ ಈವರೆಗೆ ಹೆಸರಿರುವ ಯಾವ ಅಣಬೆಗೂ ಇದು ಹೊಂದುವುದಿಲ್ಲ. ಹೊಸದು. ಆದರೆ ಹೊಸದು ಎಂದು ಗೊತ್ತಾದ ಮಾತ್ರಕ್ಕೆ ಹೆಸರಿಡಲು ಬರುವುದಿಲ್ಲ. ಇದನ್ನು ದಯವಿಟ್ಟು ಎಲ್ಲರೂ ಕೇಳಿಸಿಕೊಳ್ಳಿ. ಹೊಸ ಜೀವಕ್ಕೆ ಹೆಸರಿಡುವವರು ಅದರ ಒಂದು ಒಣಗಿದ ದೇಹವನ್ನು ಅಂಥವುಗಳನ್ನು ಶಾಶ್ವತವಾಗಿ ಕಾಯುವ ಭಂಡಾರದಲ್ಲಿ ಇಡಬೇಕು. ಹೆಸರು ಆ ದೇಹಕ್ಕೆ ಕಟ್ಟಿರುತ್ತದೆ. ನೂರು ವರ್ಷದ ನಂತರ ಯಾರಿಗಾದರೂ ಸಂಶಯ ಬಂದರೆ ಅದನ್ನೇ ತೆಗೆದು ನೋಡಬೇಕು. ಫೋಟೋ ಸಾಲದು. ಆ ಗುಲಾಬಿ ಚಕ್ರವೂ ಸಾಲದು, ಅದು ಹೆಜ್ಜೆಗುರುತಷ್ಟೆ. ಸರ್ ಬಳಿ ಇದ್ದ ಅರ್ಧ ಅಣಬೆ ಪರೀಕ್ಷೆಗಳಲ್ಲೇ ಮುಗಿದಿತ್ತು. “ನಿನ್ನ ಹತ್ರ ಇರೋದೇ ಈಗ ಬಂಗಾರ ಕಣಮ್ಮ. ನಾನೇ ಬಂದು ತಗೊಂಡು ಹೋಗ್ತೀನಿ,” ಎಂದರು.

ಬಂಗಾರ ನಮ್ಮ ಮನೆಯಲ್ಲಿ ಸ್ಟೀಲ್ ಡಬ್ಬಿಯಲ್ಲಿತ್ತು. ಗಾಳಿಯಾಡದ ಡಬ್ಬಿ ಅಡುಗೆಯ ಮೂಲೆಯಲ್ಲಿ ಇದ್ದದ್ದು ಅದೊಂದೇ. ನಾನು ಅವ್ವನಿಗೆ ಹೇಳಿದ್ದೆ, “ಇದನ್ನ ಯಾರೂ ಮುಟ್ಟಬ್ಯಾಡ್ರಿ, ಇದು ಗೋಪಿನಾಥ ಸರ್ ಬಂದಾಗ ಅವರಿಗೆ ಕೊಡೋದೈತಿ.”

ಸಭಿಕರೇ, ನಮ್ಮ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ನಮ್ಮ ಮನೆಗಳ ರೀತಿ ನಿಮಗೆ ಗೊತ್ತು. ಹಪ್ಪಳವಿರಲಿ, ಸಂಡಿಗೆಯಿರಲಿ, ಬಾಳಕದ ಮೆಣಸಿನಕಾಯಿಯಿರಲಿ, ಒಳ್ಳೆಯದನ್ನು ಒಣಗಿಸಿ, ಡಬ್ಬಿಗೆ ತುಂಬಿ, ಮನೆಯ ಮಕ್ಕಳಿಗೂ ಕೊಡದೆ ಎತ್ತಿಡುವುದು ಯಾರಿಗೆ? ಬರುವ ಅತಿಥಿಗೆ. ನನ್ನ ಅವ್ವ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಯಾರಿಗೂ ಮುಟ್ಟಗೊಡಲಿಲ್ಲ. ಸರ್ ಬಂದ ದಿನ ತೆಗೆದು ನೆನೆಹಾಕಿದಳು.

ದಸರಾ ಕಳೆದ ಮೇಲಿನ ಒಂದು ಭಾನುವಾರ ಮಧ್ಯಾಹ್ನ ಅವರು ಬಂದರು. ನಾನು ಮೊಸರು ತರಲು ಹೋಗಿದ್ದೆ. ಆಮೇಲೆ ಅಪ್ಪ ಹೇಳಿದ ಪ್ರಕಾರ ಮಾತು ಹೀಗೆ ನಡೆಯಿತು.

“ಬರ್ರಿ ಸರ, ಕೈಕಾಲು ತೊಳ್ಕೋರಿ. ರೊಟ್ಟಿ ಬಿಸಿ ಅದಾವ.”

“ಅಯ್ಯೋ, ಊಟ ಎಲ್ಲ ಬೇಡಮ್ಮ. ಆ ಡಬ್ಬಿ ಕೊಟ್ಟುಬಿಡಿ, ಹೊರಟುಬಿಡ್ತೀನಿ.”

“ಡಬ್ಬಿ ಎಲ್ಲಿ ಓಡಿ ಹೋಗ್ತೈತ್ರಿ? ಮೊದಲ ಉಣ್ರಿ. ನಮ್ಮ ಮನಿಗಿ ಬಂದು ಬರೇ ಹೊಟ್ಟೀಲೆ ಹೋದ್ರ ಮಂದಿ ಏನಂತಾರ?”

ನಾನು ಮೊಸರಿನೊಂದಿಗೆ ಒಳಗೆ ಬಂದಾಗ ಸರ್ ಎರಡನೇ ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದರು. ಶೇಂಗಾ ಪುಡಿ, ಮಸಾಲೆ ಖಾರ, ಎಣ್ಣೆ ತೇಲುವ ಪಲ್ಯ. “ಎಷ್ಟು ಚೆನ್ನಾಗಿದೆಯಮ್ಮ! ಅಣಬೆ ಹುಡುಕೋನಿಗೆ ಅಣಬೆ ಪಲ್ಯ, ಭಲೇ!” ಎನ್ನುತ್ತಿದ್ದರು. ಮಾರುಕಟ್ಟೆಯ ಅಣಬೆ ಎಂದುಕೊಂಡಿದ್ದರು ಪಾಪ. ಅವ್ವನ ಮುಖದಲ್ಲಿ ಬೆಳಕು. “ಇನ್ನೊಂದೀಟು ಹಾಕ್ತೀನ್ರಿ ಸರ, ನಾಚಬ್ಯಾಡ್ರಿ. ನಿಮ್ಮ ಸಲುವಾಗೇ ಇಟ್ಟಿದ್ದು.”

ನನ್ನ ಕಣ್ಣು ಅಡುಗೆಯ ಮೂಲೆಗೆ ಹೋಯಿತು. ಡಬ್ಬಿ ತೊಳೆದು ಬೋರಲು ಹಾಕಿತ್ತು.

“ಅವ್ವಾ, ಡಬ್ಬ್ಯಾಗಿಂದು ಎಲ್ಲೈತಿ?”

“ಎಲ್ಲೈತಿ ಅಂದ್ರ? ಸರ್ ತಾಟಿನ್ಯಾಗ ಐತಿ ನೋಡು.”

ಗೋಪಿನಾಥ ಸರ್ ತುತ್ತನ್ನು ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ನುಂಗಲೋ ಬೇಡವೋ ಎಂದು ಅವರ ಗಂಟಲು ವಿಚಾರಿಸುತ್ತಿದ್ದದ್ದು ನನಗೆ ಕಂಡಿತು. ಮೆಲ್ಲಗೆ ನುಂಗಿದರು. ತಟ್ಟೆಯಲ್ಲಿ ಉಳಿದಿದ್ದ ಒಂದು ಚೂರನ್ನು ಎತ್ತಿ, ನೀರಿನಲ್ಲಿ ಅದ್ದಿ, ಕಿಸೆಯಿಂದ ಭೂತಗನ್ನಡಿ ತೆಗೆದು ನೋಡಿದರು. ಆ ಚೂರಿನಲ್ಲಿ ಅರಿಸಿನ ಕಂಡಿತು, ಖಾರ ಕಂಡಿತು, ಅಣಬೆ ಕಾಣಲಿಲ್ಲ. ಆಗ ನನ್ನ ಅಪ್ಪ ಬಹಳ ವಿನಯದಿಂದ ಕೇಳಿದ, “ಯಾಕ್ರಿ ಸರ, ಉಪ್ಪು ಕಮ್ಮಿ ಆಗೇತೇನ್ರಿ?”

ಅಲ್ಲಿಗೆ ಸರ್ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಶಾಂಭವಿ, ಪ್ರಪಂಚದಲ್ಲಿ ಈ ಅಣಬೆ ರುಚಿ ಗೊತ್ತಿರೋ ಸಸ್ಯಶಾಸ್ತ್ರಜ್ಞ ನಾನೊಬ್ಬನೇ ಕಣಮ್ಮ. ಆದರೆ ರುಚೀನ ಭಂಡಾರದಲ್ಲಿ ಇಡಕ್ಕೆ ಬರಲ್ಲವಲ್ಲ!” ನಾನು ನಗಲಿಲ್ಲ. ನನಗೆ ಅಳು ಬಂತು. ಅವ್ವ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, “ಏನ್ ಕೆಡಿಸಿದ್ನವ್ವಾ ನಾ?” ಎಂದಳು.

ಇಲ್ಲಿ ಒಂದು ಮಾತು. ಗುರುತಿಲ್ಲದ ಅಣಬೆಯನ್ನು ಯಾರೂ ಹೀಗೆ ಬೇಯಿಸಬೇಡಿ. ವಿಷದ ಅಣಬೆಯೂ ನೋಡಲು ಸಭ್ಯವಾಗಿಯೇ ಇರುತ್ತದೆ. ನಮ್ಮದು ಹುತ್ತದ ಅಣಬೆಯ ಜಾತಿ ಆದ್ದರಿಂದ, ಉಳಿದ ಪಲ್ಯ ಉಂಡ ನಾವು ಮೂವರೂ ಸೇರಿ, ಎಲ್ಲರೂ ಬದುಕಿದೆವು. ಸರ್ ಮರುದಿನ ಮೂರು ಸಲ ಫೋನ್ ಮಾಡಿ ನಮ್ಮ ಆರೋಗ್ಯ ವಿಚಾರಿಸಿದರು. ನಮ್ಮ ಆರೋಗ್ಯ ವಿಚಾರಿಸುವ ನೆಪದಲ್ಲಿ ತಮ್ಮದರ ಬಗ್ಗೆ ಧೈರ್ಯ ತಂದುಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಹೊಸ ಅಣಬೆಯ ಸಂಶೋಧಕಿ ಎಂದು ಅಚ್ಚಾಗಿದೆ. ಅಚ್ಚಾದ ದಿನದಿಂದ ಫೋನುಗಳು. ಒಬ್ಬರು ಸಂಘದ ಹೆಸರಿಡಿ ಎಂದರು, ಒಬ್ಬರು ತಮ್ಮ ಮೊಮ್ಮಗನ ಹೆಸರಿಡಿ ಎಂದರು. ಹೆಸರಿಡುವ ಹಕ್ಕು ನಿನ್ನದೂ ಹೌದು, ಯೋಚಿಸಿಡು ಎಂದು ಗೋಪಿನಾಥ ಸರ್ ನನಗೆ ಹೇಳಿರುವುದು ನಿಜ. ಅವ್ವನನ್ನು ಕೇಳಿದರೆ, “ನನ್ ಹೆಸರು ಮಾತ್ರ ಇಡಬ್ಯಾಡ ಮಾರಾಯ್ತಿ, ಕುದಿಸಿದಾಕಿ ಅಂತ ದುನಿಯಾಕ್ಕೆಲ್ಲ ಗೊತ್ತಾಗತೈತಿ,” ಎಂದಳು. ಆದರೆ ಸತ್ಯ ಏನು? ಹೆಸರು ಕಟ್ಟಲು ದೇಹವೇ ಇಲ್ಲ. ಈ ವರ್ಷ ಮತ್ತೆ ಅದೇ ಅಣಬೆ ಸಿಗಬೇಕು. ಸಿಕ್ಕರೆ ಅದು ಲೋಕಕ್ಕೆ ಸೇರುತ್ತದೆ. ಸಿಗದಿದ್ದರೆ ನಮ್ಮ ನಾಲ್ಕು ಜನರ ಹೊಟ್ಟೆಯಲ್ಲಿ ಅದರ ಕಥೆ ಮುಗಿಯುತ್ತದೆ.

ಬೇರೆಡೆ ಹುಡುಕಬಹುದಲ್ಲ? ಹುಡುಕಿದೆವು. ನಾನು, ಗೋಪಿನಾಥ ಸರ್, ಅವರ ವಿದ್ಯಾರ್ಥಿಗಳು ಶಂಶಾಬಾದಿನ ಸುತ್ತಲಿನ ಬಂಡೆಗಳ ನಡುವೆಲ್ಲ ಅಲೆದೆವು. ಹುತ್ತಗಳಿದ್ದ ಕಡೆ ಲೇಔಟುಗಳಾಗಿವೆ. ಉಳಿದ ಹುತ್ತಗಳಲ್ಲಿ ಬೇರೆ ಅಣಬೆ ಸಿಕ್ಕಿತು, ಇದು ಸಿಗಲಿಲ್ಲ. ಹಾಗಾದರೆ ಹುತ್ತವನ್ನೇ ಎತ್ತಿ ಬೇರೆಡೆ ಇಡಬಹುದಲ್ಲ? ಇಡಲು ಬರುವುದಿಲ್ಲ. ಈ ಅಣಬೆಯನ್ನು ಬೆಳೆಯುವವು ಗೆದ್ದಲುಗಳು. ನೆಲದೊಳಗೆ ಅವುಗಳ ತೋಟವಿದೆ. ಒಣಗಿದ ಎಲೆ, ಕಡ್ಡಿ ತಂದು ಅಗಿದು ಹಾಕಿ, ಅದರ ಮೇಲೆ ಅಣಬೆ ಬೆಳೆಸಿ ತಿನ್ನುತ್ತವೆ. ಮಳೆ ಬಂದಾಗ ಆ ತೋಟದಿಂದ ಮೇಲಕ್ಕೆ ಏಳುವುದೇ ನಮಗೆ ಕಾಣುವ ಕೊಡೆ. ಸಂಘವು ನಿವೇಶನ ತೆಗೆದುಕೊಳ್ಳುವ ಎಷ್ಟೋ ಮೊದಲಿನಿಂದ ಅಲ್ಲಿ ಒಕ್ಕಲುತನ ನಡೆದಿದೆ. ಭವನ ಕಟ್ಟುವಾಗ ನಮ್ಮ ತಗಡಿನ ಮನೆಯೂ ಜಾಗ ಬಿಡಬೇಕು, ಅಪ್ಪ ಆಗಲೇ ಪಾತ್ರೆಗಳನ್ನು ಕಟ್ಟಿಟ್ಟಿದ್ದಾನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಗಡನ್ನು ಎಲ್ಲಿ ಇಟ್ಟರೂ ತಗಡೇ. ನಮಗೆ ಅದು ಅಭ್ಯಾಸವಾಗಿದೆ. ಹುತ್ತ ಹಾಗಲ್ಲ.

ಇದನ್ನೇ ನಾನು ಹೋದ ವಾರ ಸಂಘದ ಅಧ್ಯಕ್ಷರಾದ ಜಯತೀರ್ಥ ಸರ್ ಅವರ ಮನೆಗೆ ಹೋಗಿ ಹೇಳಿದೆ. ಅವರು ಕೂಡಿಸಿ ಚಹಾ ಕೊಟ್ಟರು. ನಕ್ಷೆ ಬಿಡಿಸಿ ತೋರಿಸಿದರು. “ನೋಡಮ್ಮಾ ಶಾಂಭವಿ, ನಾವೇನು ಮನಸ್ಸಿಗೆ ಬಂದಂಗ ಮಾಡ್ಲಿಕತ್ತಿಲ್ಲ. ಹುತ್ತಕ್ಕ ಶಾಂತಿ ಮಾಡಿಸೇವಿ. ಹೊಸಾ ಕಟ್ಟಡದಾಗ ಛಂದ ನಾಗರಕಲ್ಲು ಇಡಸ್ತೇವಿ. ಇನ್ನೇನು ಬೇಕು ನಿನಗ?” ನಾನು ಹೇಳಿದೆ, “ನಾಗಪ್ಪ ಕಲ್ಲಿಗೆ ಬಂದಾನು ಸರ್, ಅಣಬಿ ಬರಂಗಿಲ್ಲ.” ಅವರು ನಕ್ಕರು. ನಕ್ಕು, “ಮಾತು ಕಲಿಸಿದ್ದು ನನ್ನ ತಪ್ಪು,” ಎಂದರು. ನಕ್ಷೆಯನ್ನು ಮಾತ್ರ ಮಡಚಿ ಒಳಗಿಟ್ಟರು.

ಅವರು ದುಷ್ಟರಲ್ಲ. ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಕರಪತ್ರಗಳಲ್ಲಿ ಅನ್ಯಾಯ ಮಾಡುವವರು ಯಾವಾಗಲೂ ದುಷ್ಟರೇ ಆಗಿರುತ್ತಾರೆ, ಹಾಗಾಗಿ ಜಗಳ ಸುಲಭ. ಕೂಡಿಸಿ ಚಹಾ ಕೊಡುವವರ ಜೊತೆ ಜಗಳ ಆಡುವುದು ಹೇಗೆಂದು ಯಾವ ಕರಪತ್ರದಲ್ಲೂ ನನಗೆ ಈವರೆಗೆ ಸಿಕ್ಕಿಲ್ಲ. ಸಿಕ್ಕರೆ ಪುಕ್ಕಟೆ ಪ್ರತಿ ಮಾಡಿ ಹಂಚುತ್ತೇನೆ, ತುಳಸಾಬಾಯಿಗೆ ಹೇಳಬೇಡಿ.

ಈಗ ಸುಭದ್ರಮ್ಮನವರ ಬಗ್ಗೆ. ಅಧ್ಯಕ್ಷರ ಪತ್ನಿ ಎಂದು ಅಲ್ಲ, ಸ್ವತಂತ್ರವಾಗಿ ಅವರ ಬಗ್ಗೆ. ಅವರು ಪ್ರತಿ ವರ್ಷ ನಾಗರ ಪಂಚಮಿಗೆ ಬಂದು ಆ ಹುತ್ತಕ್ಕೆ ಹಾಲೆರೆಯುತ್ತಾರೆ. ಹಾವು ಹಾಲು ಕುಡಿಯುವುದಿಲ್ಲ ಎಂಬ ಕರಪತ್ರವನ್ನು ನಾನು ಒಂದು ಸಲ ಅವರ ಕೈಗೇ ಕೊಟ್ಟೆ. ಅದರ ಒಂದಕ್ಷರವನ್ನೂ ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಏ ಹುಡುಗಿ, ಹಾವು ಹಾಲು ಕುಡಿಯಂಗಿಲ್ಲಂತ ನನಗೂ ಗೊತ್ತದ. ನಾ ಹಾಲು ಹಾಕೋದು ಹಾವಿಗಲ್ಲ, ನಮ್ಮ ಅವ್ವನ ನೆನಪಿಗೆ. ಆಕಿ ಹಾಕ್ತಿದ್ಲು, ನಾ ಹಾಕ್ತೇನಿ. ಅದಕ್ಕೂ ಒಂದು ಪೇಪರ್ ಛಾಪಿಸ್ತೀ ಏನು?” ಎಂದರು. ಮುಂದಿನ ಸಲ ಅವರು ಕಳಿಸಿದ ಚಕ್ಕುಲಿಯ ಪೊಟ್ಟಣ ಅದೇ ಕರಪತ್ರದ್ದಾಗಿತ್ತು.

ಆದರೆ ಸಭಿಕರೇ, ನಿವೇಶನಕ್ಕೆ ಕಾಂಪೌಂಡ್ ಗೋಡೆ ಕಟ್ಟಿದ ವರ್ಷ ಏನಾಯಿತು? ಗೋಡೆಯ ಗೆರೆ ಹುತ್ತದ ನಡುವೆ ಹಾದಿತ್ತು. ಸುಭದ್ರಮ್ಮ ಬಂದು ಹುತ್ತದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. “ಗ್ವಾಡಿ ಸರಸ್ರಿ” ಎಂದರು, ಅಷ್ಟೆ. ಮೇಸ್ತ್ರಿ, ಎಂಜಿನಿಯರು, ಅಧ್ಯಕ್ಷರು ಎಲ್ಲ ಸೇರಿ ಗೋಡೆಯನ್ನು ಬಾಗಿಸಿದರು. ಇಂದಿಗೂ ಹೋಗಿ ನೋಡಿ, ಆ ಗೋಡೆ ನೆಟ್ಟಗೆ ಬಂದು, ಹುತ್ತದ ಬಳಿ ಹೊರಕ್ಕೆ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಅವರ ಅವ್ವನ ನೆನಪಿಗೆ ಬಾಗಿದ ಗೋಡೆಯ ಒಳಗೆ, ಯಾರಿಗೂ ಗೊತ್ತಿಲ್ಲದೆ, ಹೊಸ ಜೀವವೊಂದು ಬದುಕಿತ್ತು. ಇದು ನನ್ನ ಕರಪತ್ರ ಮಾಡಿದ ಕೆಲಸವಲ್ಲ. ಇದನ್ನು ಹೇಳಲು ನನಗೆ ಸ್ವಲ್ಪ ಕಷ್ಟವಾಗುತ್ತಿದೆ, ಆದರೂ ಹೇಳುತ್ತಿದ್ದೇನೆ. ನನ್ನ ಪ್ರಶ್ನೆ ಇಷ್ಟೇ. ಕಲ್ಲಿನ ಗೋಡೆ ಬಾಗಿದೆ. ನಾಲ್ಕು ಚಕ್ರವಿರುವ ಕಾರು ಬಾಗಲಾರದೇ? ಕಾರು ನಿಲ್ಲಿಸುವ ಗೆರೆಯನ್ನು ಆ ಬಂಡೆಗಳ ಈಚೆಗೆ ಎಳೆದರೆ ಎಷ್ಟು ಕಾರುಗಳ ಜಾಗ ಹೋದೀತು? ನಿಮ್ಮಲ್ಲಿ ಇಬ್ಬರು ಮೂವರು ಆಟೋದಲ್ಲಿ ಬಂದರೆ ಲೆಕ್ಕ ಸರಿಹೋಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಮುಗಿಸು ಎಂದು ಬರೆದಿದ್ದಾರೆ. ಸರ್, ನಿಮ್ಮ ಅಕ್ಷರ ಈಗಲೂ ಬೋರ್ಡಿನ ಮೇಲೆ ಬರೆದಷ್ಟೇ ದುಂಡಗಿದೆ. ಮುಗಿಸುತ್ತೇನೆ. ಆದರೆ ಮುಖ್ಯವಾದದ್ದು ಈಗ ಬರುತ್ತಿದೆ.

ನನ್ನ ಅವ್ವ ಇಂದು ಈ ಸಭೆಗೆ ಬಂದಿಲ್ಲ. ಮಗಳಿಗೆ ಸನ್ಮಾನ, ಬಾ ಅವ್ವಾ ಎಂದೆ. ಇಳಕಲ್ ಸೀರೆಯನ್ನು ತೆಗೆದಿಟ್ಟೂ ಇದ್ದಳು. ಬರಲಿಲ್ಲ. ಯಾಕೆ? ಮಂಗಳವಾರ ಮಳೆ ಆಯಿತಲ್ಲ, ಅಂದಿನಿಂದ ಅವಳು ದಿನವೂ ಹುತ್ತದ ಬುಡವನ್ನು ನೋಡಿ ಬರುತ್ತಿದ್ದಳು. ಇಂದು ಮುಂಜಾನೆ ಕೂಗಿದಳು. ಓಡಿ ಹೋದೆ. ನೆಲ ಬಿರುಕು ಬಿಟ್ಟಿದೆ. ಬಿರುಕಿನೊಳಗಿಂದ ಮೊನೆಗಳು ಕಾಣುತ್ತಿವೆ. ಕಡುನೀಲಿ! ಸಭಿಕರೇ, ಕಡುನೀಲಿ! ಮುಟ್ಟಲು ಹೋದೆ, ಅವ್ವ ಕೈಗೆ ಹೊಡೆದಳು. ಗೋಪಿನಾಥ ಸರ್‌ಗೆ ಫೋನ್ ಮಾಡಿದೆ. “ಇವತ್ತು ಕೀಳಬೇಡ. ಅದು ಪೂರ್ತಿ ಅರಳಬೇಕು, ಅರಳದೆ ವಿವರಿಸಕ್ಕೆ ಆಗಲ್ಲ. ನಾಳೆ ಬೆಳಿಗ್ಗೆ ಅರಳುತ್ತೆ, ನಾನು ಬೆಳಕು ಹರಿಯೋ ಹೊತ್ತಿಗೆ ಬರ್ತೀನಿ,” ಎಂದರು. ಕೋಳಿ, ಮೇಕೆ, ಸಂಘದ ಪದಾಧಿಕಾರಿಗಳು ಯಾರೂ ತುಳಿಯದಿರಲಿ ಎಂದು ಅವ್ವ ಮೊನೆಗಳ ಮೇಲೆ ಬಿದಿರಿನ ಬುಟ್ಟಿ ಮುಚ್ಚಿ, ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾಳೆ. ನಾನು ಹೊರಡುವಾಗ ಹೇಳಿದಳು, “ನೀ ಹೋಗಿ ಹಾರ ಹಾಕಿಸ್ಕೊಂಡು ಬಾ. ಸರ್ ಹೊಟ್ಟಿಗೆ ಹಾಕಿದಾಕಿ ನಾ, ತಿರುಗಿ ಕೊಡಾಕಿನೂ ನಾನ. ಅಲ್ಲೀತನಕ ಇಲ್ಲಿಂದ ಏಳಂಗಿಲ್ಲ.”

ನಾಳೆ ಎಂಟು ಗಂಟೆಗೆ ಜೆಸಿಬಿ ಬರುತ್ತದೆ. ಅಷ್ಟರೊಳಗೆ ಒಂದನ್ನು ಕಿತ್ತು ಭಂಡಾರಕ್ಕೆ ಕೊಟ್ಟರೆ ಹೆಸರೇನೋ ಸಿಕ್ಕೀತು, ಆದರೆ ಹುತ್ತ ಹೋದರೆ ಆ ಹೆಸರಿನ ಜೀವವೇ ಉಳಿಯುವುದಿಲ್ಲ. ಓಡಿಸುವವನು ನಮ್ಮ ಪರಮೇಶಣ್ಣ, ಯಾದಗಿರಿಯವನು. ಅವನನ್ನೂ ಕೇಳಿ ಬಂದಿದ್ದೇನೆ. “ತಂಗೀ, ನಂದು ಹೊಟ್ಟಿಪಾಡು. ಕೆಡವು ಅಂದ್ರ ಕೆಡವಬೇಕು. ಆದ್ರ ಅಧ್ಯಕ್ಷರು ಒಂದು ಮಾತು ಅಂದ್ರ ಸಾಕು, ಗಾಡಿ ಆ ಕಡಿ ತಿರುಗಿಸ್ತೀನಿ, ಬಂಡೆಗಲ್ಲು ದಾಟಿ ಹುತ್ತದ ಕಡಿ ಬರಂಗಿಲ್ಲ.” ಆದ್ದರಿಂದ ನಾಳೆ ಆ ಹುತ್ತದ ಪಾಲಿಗೆ ಬೇಕಾಗಿರುವುದು ಒಂದೇ ಮಾತು, ಆ ಮಾತು ಒಬ್ಬರ ಬಳಿ ಇದೆ.

ಸರ್, ಇಲ್ಲೇ, ಈಗಲೇ ಹೇಳಿ ಎಂದು ನಾನು ಒತ್ತಾಯಿಸುವುದಿಲ್ಲ. ಚಪ್ಪಾಳೆಯ ನಡುವೆ ಕೊಟ್ಟ ಮಾತು ಊಟದ ಹೊತ್ತಿಗೆ ಮರೆಯುತ್ತದೆ. ಜೆಸಿಬಿಗಿಂತ ಮೊದಲು ಬನ್ನಿ. ಅವ್ವ ಬುಟ್ಟಿ ಎತ್ತುತ್ತಾಳೆ. ಕೆಳಗೆ ಏನಿದೆ ಎಂದು ನೀವೇ ಬಾಗಿ ನೋಡಿ. ಈ ಭೂಮಿಯ ಮೇಲೆ ಇನ್ನೂ ಹೆಸರಿಲ್ಲದ ಒಂದು ಜೀವವನ್ನು ಮುಖಾಮುಖಿ ನೋಡಿ, ಆಮೇಲೆ ಪರಮೇಶಣ್ಣನಿಗೆ ನಿಮ್ಮ ಬಾಯಿಂದಲೇ ಹೇಳಿ, ಕೆಡವು ಎಂದೋ, ತಿರುಗಿಸು ಎಂದೋ. ನೋಡಿದ ಮೇಲೆ ನೀವು ಏನು ಹೇಳುತ್ತೀರಿ ಎಂಬ ಬಗ್ಗೆ ನನಗೆ ಭಯವಿಲ್ಲ. ನೋಡದೆ ಹೇಳಿಬಿಡುತ್ತೀರಿ ಎಂಬುದೊಂದೇ ಭಯ. ಸುಭದ್ರಮ್ಮನವರೇ, ದಯವಿಟ್ಟು ನೀವೂ ಬನ್ನಿ. ಕುರ್ಚಿ ನಾನು ಹಾಕಿಸುತ್ತೇನೆ.

ಉಳಿದವರೂ ಬನ್ನಿ. ಕೂಕಟ್‌ಪಲ್ಲಿಯಿಂದ ಅಷ್ಟು ಬೇಗ ಹೇಗೆ ಬರುವುದು ಎಂದು ಕೇಳಬೇಡಿ. ಇದೇ ಶಂಶಾಬಾದಿನಿಂದ ವಿಮಾನ ಹಿಡಿಯಲು ನೀವೆಲ್ಲ ಕೋಳಿ ಕೂಗುವ ಮೊದಲೇ ಹೊರಡುವವರು. ಬಂದವರು ಬುಟ್ಟಿಯ ಬಳಿ ಸಾಲಾಗಿ ನಿಲ್ಲಿ, ಅವ್ವ ಹೇಳಿದಲ್ಲಿ ಕಾಲಿಡಿ, ಅಷ್ಟೆ.

ಬೈಯುವವಳಿಗೂ ಮೈಕು ಕೊಟ್ಟು ಕೊನೆತನಕ ಕೇಳಿದ ಅಧ್ಯಕ್ಷರಿಗೆ, ಬಡಿಸಲು ಕಾದು ನಿಂತಿರುವ ಅಡುಗೆಯವರಿಗೆ, ಹಸಿದಿದ್ದರೂ ಎದ್ದು ಹೋಗದ ನಿಮಗೆಲ್ಲರಿಗೂ ನನ್ನ ವಂದನೆಗಳು.

ನಾಳೆ, ಭಾನುವಾರ, ಬೆಳಿಗ್ಗೆ ಆರು ಗಂಟೆಗೆ, ಶಂಶಾಬಾದಿನ ನಮ್ಮ ನಿವೇಶನದ ಗೇಟಿನ ಹತ್ತಿರ. ನಮಸ್ಕಾರ.